ನಮ್ಮ ಗ್ಯಾಲಕ್ಸಿ ಮಧ್ಯದ ಬ್ಲ್ಯಾಕ್ ಹೋಲ್ ಭೂಮೀನ ನುಂಗುತ್ತಾ?

ಪ್ರಶ್ನೆ: ಸರ್, ಏಳನೇ ಕ್ಲಾಸಲ್ಲಿರೋ ನನ್ನ ಮಗಳು ಯಾವ್ದೋ ವಿಡಿಯೋ ನೋಡ್ಬಿಟ್ಟು, ಗ್ಯಾಲಕ್ಸಿ ಮಧ್ಯೆ ಇರೋ ಬ್ಲ್ಯಾಕ್ ಹೋಲ್ ಒಂದಿನ ನಮ್ಮನ್ನೂ ಎಳ್ಕೊಳ್ಳುತ್ತೆ ಅಂತ ಹೆದರಿ ರಾತ್ರಿ ನಿದ್ದೇನೇ ಮಾಡ್ತಿಲ್ಲ. ಏನ್ ಹೇಳ್ಲಿ?

ಉತ್ತರ: ನುಂಗಲ್ಲ ಪುಟ್ಟಿ ಅಂತ ಧೈರ್ಯವಾಗಿ ಹೇಳಿ. ಮಕ್ಕಳನ್ನ ಹೀಗೆ ಹೆದರಿಸೋ ವಿಡಿಯೋಗಳನ್ನ ಕಂಡ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. ಬ್ಲ್ಯಾಕ್ ಹೋಲ್ ಸಿಕ್ಕಿದ್ದನ್ನೆಲ್ಲ ಹೀರ್ಕೊಳ್ಳೋ ಮೆಷಿನ್ ಅಲ್ಲ, ದೂರದಲ್ಲಿರೋರಿಗೆ ಅದರ ಸೆಳೆತ ಅಷ್ಟೇ ತೂಕದ ಬೇರೆ ಯಾವ ವಸ್ತುವಿನ ಸೆಳೆತಕ್ಕಿಂತ ಒಂಚೂರೂ ಜಾಸ್ತಿ ಇರಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ, ಬರೀ 3 ಕಿಲೋಮೀಟರ್ ತ್ರಿಜ್ಯದ ಬ್ಲ್ಯಾಕ್ ಹೋಲ್ ಇಟ್ರೂ ಭೂಮಿ ಹೆಪ್ಪುಗಟ್ಟುತ್ತೆ ನಿಜ, ಆದ್ರೆ ಸುತ್ತೋ ದಾರಿ ಬದಲಾಗಲ್ಲ.

ನಮ್ಮ ಗ್ಯಾಲಕ್ಸಿ ಮಧ್ಯದ ಬ್ಲ್ಯಾಕ್ ಹೋಲ್ ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್ ಅಂತ, ಸುಮಾರು 40 ಲಕ್ಷ ಸೂರ್ಯರ ತೂಕ, ನಮ್ಮಿಂದ 26 ಸಾವಿರ ಜ್ಯೋತಿರ್ವರ್ಷಕ್ಕೂ ದೂರ. ಅದರ ಪಕ್ಕದಲ್ಲೇ ಎಸ್-2 ಅನ್ನೋ ನಕ್ಷತ್ರ 16 ವರ್ಷಕ್ಕೊಂದು ಸುತ್ತು ಹಾಕುತ್ತೆ. 2018ರ ಮೇನಲ್ಲಿ ಅದು ಸೂರ್ಯ-ಭೂಮಿ ದೂರದ 120 ಪಟ್ಟಿನಷ್ಟು ಹತ್ತಿರಕ್ಕೆ, ಸೆಕೆಂಡಿಗೆ 7,000 ಕಿಲೋಮೀಟರಿಗೂ ಜಾಸ್ತಿ ಸ್ಪೀಡಲ್ಲಿ ಹೋಗಿ, ಸುಮ್ನೆ ತಿರುಗಿ ವಾಪಸ್ ಬಂತು. ಅಷ್ಟು ಹತ್ರ ಹೋದ ನಕ್ಷತ್ರಾನೇ ಉಳ್ಕೊಂಡಿದೆ ನೋಡಿ! ಇಂಥ ನಕ್ಷತ್ರಗಳನ್ನ ವರ್ಷಗಟ್ಟಲೆ ಕಾದು ನೋಡಿದ್ದಕ್ಕೇ ಗೆಂಜೆಲ್, ಗೆಜ್ ಅನ್ನೋ ಖಗೋಳ ವಿಜ್ಞಾನಿಗಳಿಬ್ರಿಗೂ 2020ರ ನೊಬೆಲ್ ಬಂತು.

ಆಂಡ್ರೊಮಿಡಾ ಗ್ಯಾಲಕ್ಸಿ ಬಂದು ಡಿಕ್ಕಿ ಹೊಡೆಯುತ್ತೆ ಅಂತಾನೂ ಕೇಳಿರ್ತಾಳೆ. ಮೊದ್ಲು ಅದು ಗ್ಯಾರಂಟಿ ಅಂತಿದ್ರು, 2025ರ ಲೆಕ್ಕದ ಪ್ರಕಾರ ಮುಂದಿನ 1,000 ಕೋಟಿ ವರ್ಷದಲ್ಲಿ ಆಗೋದು ಫಿಫ್ಟಿ-ಫಿಫ್ಟಿ. ಎರಡೂ ಸೇರಿದ್ರೂ ನಕ್ಷತ್ರಗಳ ಮಧ್ಯೆ ಎಷ್ಟು ಖಾಲಿ ಜಾಗ ಇದೆ ಅಂದ್ರೆ ಒಂದಕ್ಕೊಂದು ತಾಗೋದೇ ಅಪರೂಪ, ಕೊನೆಗೆ ಎರಡೂ ಗ್ಯಾಲಕ್ಸಿಗಳ ಮಧ್ಯದ ಬ್ಲ್ಯಾಕ್ ಹೋಲ್‌ಗಳು ಒಂದಾಗಿ, ಹೊಡೆದ ಗಂಟೆ ಥರ ಕಂಪಿಸಿ ಸುಮ್ಮನಾಗುತ್ತೆ. ಬ್ಲ್ಯಾಕ್ ಹೋಲ್ ಹೀಗೆ ಕಂಪಿಸುತ್ತೆ ಅಂತ 1970ರಲ್ಲೇ ತೋರಿಸಿಕೊಟ್ಟಿದ್ದು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು, ನೆಹರು ತಾರಾಲಯ ಕಟ್ಟಿ ಬೆಳೆಸಿದವರು. ಮಗಳಿಗೆ ಇದನ್ನ ಖಂಡಿತ ಹೇಳಿ.

ಭೂಮಿಗೆ ಕಷ್ಟ ಬರೋದು ಸೂರ್ಯನಿಂದಾನೇ. ಅವನು ನಿಧಾನಕ್ಕೆ ಪ್ರಖರ ಆಗ್ತಾ ಹೋಗಿ ಸುಮಾರು 100 ಕೋಟಿ ವರ್ಷಕ್ಕೆ ಸಮುದ್ರಗಳು ಬತ್ತಬಹುದು, 500 ಕೋಟಿ ವರ್ಷಕ್ಕೆ ಉಬ್ಬಿ ಕೆಂಪು ದೈತ್ಯ ಆಗ್ತಾನೆ.

ಮೇ ಕೊನೇಲಿ, ಮಳೆ ಹಿಡಿಯೋ ಮುಂಚೆ, ಊರಿನ ಲೈಟಿಂದ ದೂರ ಅವಳನ್ನ ಕರ್ಕೊಂಡು ಹೋಗಿ. ರಾತ್ರಿ ಒಂದು ಗಂಟೆ ಹೊತ್ತಿಗೆ ದಕ್ಷಿಣಕ್ಕೆ ನಿಂತ್ರೆ ವೃಶ್ಚಿಕದ ಕೊಂಡಿ ಕಾಣುತ್ತೆ, ಅದರ ಮೇಲೆ, ಸ್ವಲ್ಪ ಎಡಕ್ಕೆ ಹಾಲು ಚೆಲ್ಲಿದಂಗೆ ಮಂದವಾಗಿರೋ ಜಾಗದ ಹಿಂದೇನೇ ಆ ಬ್ಲ್ಯಾಕ್ ಹೋಲ್ ಇರೋದು.