ನಿಶ್ಚಿತಾರ್ಥದ ಮುನ್ನೂರು ಫೋಟೊ, ಒಂದರಲ್ಲೂ ಹಲ್ಲಿಲ್ಲ

ಪ್ರಶ್ನೆ: ನನಗೆ 26 ವರ್ಷ. ಊರು ಅರಸೀಕೆರೆ ಹತ್ತಿರದ ಹಳ್ಳಿ. ಹಾಸನದ ಖಾಸಗಿ ಶಾಲೆಯೊಂದರಲ್ಲಿ ಗಣಿತ ಟೀಚರ್. ಚಿಕ್ಕಂದಿನಿಂದ ನನ್ನ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು "ಮಿಸ್, ನೀವು ಹಲ್ಲುಜ್ಜಲ್ವಾ?" ಅಂತ ಕೇಳಿಬಿಟ್ಟಳು. ಚಿಕ್ಕಮಗಳೂರು ಕಡೆಯ ಹುಡುಗನ ಜೊತೆ ಮದುವೆ ಗೊತ್ತಾಗಿದೆ, ನಾಲ್ಕು ತಿಂಗಳಿದೆ. ನಿಶ್ಚಿತಾರ್ಥದಲ್ಲಿ ತೆಗೆದ ಮುನ್ನೂರು ಫೋಟೊಗಳಲ್ಲಿ ಒಂದರಲ್ಲೂ ನಾನು ಬಾಯಿ ಬಿಟ್ಟು ನಕ್ಕಿಲ್ಲ. ಓರಗಿತ್ತಿ ಆಗುವವರು "ವೆನೀರ್ ಹಾಕಿಸ್ಕೊ" ಅಂದರು, ಹಲ್ಲಿನ ಮೇಲೆ ಅಂಟಿಸುವ ತೆಳು ಬಿಲ್ಲೆಯಂತೆ. ಅತ್ತೆ ಆಗುವವರು "ಇದು ಮಕ್ಕಳಿಗೂ ಬರುತ್ತಾ?" ಅಂತ ಅಮ್ಮನನ್ನು ಕೇಳಿದರಂತೆ. ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಮೇಲಿನ ಹತ್ತು ಹಲ್ಲಿಗೆ 1 ಲಕ್ಷ 20 ಸಾವಿರ ಹೇಳಿದ್ದಾರೆ. ಈ ತಿಂಗಳು ಅಡ್ವಾನ್ಸ್ ಕಟ್ಟಿದರೆ ಎರಡು ಹಲ್ಲು ಫ್ರೀ ಅಂತೆ. ಅಪ್ಪ ಕೊಬ್ಬರಿ ಮಾರಿ ಕೊಡುತ್ತೇನೆ ಅಂತಿದ್ದಾರೆ. ಹುಡುಗ ಈ ಬಗ್ಗೆ ಏನೂ ಹೇಳಿಲ್ಲ. ಮಾಡಿಸಲೋ, ಬೇಡವೋ?

ಉತ್ತರ: ಎರಡು ಹಲ್ಲು ಫ್ರೀ ಅಂತ ಓದಿ ಮೊದಲು ನಗು ಬಂತು ತಂಗಿ, ಆಮೇಲೆ ಸಿಟ್ಟು ಬಂತು. ಆಷಾಢದ ಸೀರೆ ಸೇಲ್ ಅಂದುಕೊಂಡರಾ ಇವರು? ಸೀರೆ ಇಷ್ಟವಾಗದಿದ್ದರೆ ಬದಲಾಯಿಸಬಹುದು. ಇದು ಹಾಗಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಅತ್ತೆಯ ಪ್ರಶ್ನೆ. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿ ಚುಚ್ಚುತ್ತಿರುವ ಮುಳ್ಳು ಅದೇ. ಉಳಿದದ್ದೆಲ್ಲ ಅದರ ಸುತ್ತ ಊದಿಕೊಂಡಿದೆ. ಅವರಿಗೆ ಧೈರ್ಯವಾಗಿ ಹೇಳಿ: ಬರಲ್ಲ. ನೀವು ಬರೆದಿರುವುದನ್ನು ನೋಡಿದರೆ ಇದು ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಅನ್ನುವ ಲವಣ ಜಾಸ್ತಿಯಾಗಿ ಹಲ್ಲಿಗೆ ಬರುವ ಕಲೆ ಅನ್ನಿಸುತ್ತದೆ. ದಂತವೈದ್ಯರು ಒಮ್ಮೆ ಬಾಯಿ ನೋಡಿದರೆ ಖಚಿತವಾಗುತ್ತದೆ. ಅದು ವಂಶದಲ್ಲಿ ಹರಿಯುವುದಿಲ್ಲ, ನೀರಿನಲ್ಲಿ ಬರುತ್ತದೆ. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಹೊಸ ವಿಷಯವಲ್ಲ. ಆಳದ ಕಲ್ಲಿನಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅನ್ನುವ ಕಡೆ 1.5ರವರೆಗೆ ಅನ್ನುವುದು ನಮ್ಮ ದೇಶದ ಮಾನದಂಡ. ಮಗುವಿಗೆ ಎಂಟು ವರ್ಷ ಆಗುವ ತನಕ ಶಾಶ್ವತ ಹಲ್ಲುಗಳು ಒಸಡಿನೊಳಗೆ ತಯಾರಾಗುತ್ತಿರುತ್ತವೆ. ಆ ವಯಸ್ಸಿನಲ್ಲಿ ಇಂಥ ನೀರು ಕುಡಿದರೆ ಹಲ್ಲಿನ ಮೇಲ್ಪದರ, ಅಂದರೆ ಎನಾಮಲ್, ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹೊರಗೆ ಬಂದ ಮೇಲೆ ಆ ಪದರ ಬಣ್ಣ ಹೀರಿ ಕಂದಾಗುತ್ತದೆ. ನಿಮ್ಮ ಮಗು ಒಳ್ಳೆಯ ನೀರು ಕುಡಿದು ಬೆಳೆದರೆ ಅದರ ಹಲ್ಲಿಗೆ ಈ ಪಟ್ಟೆ ಬರುವುದಿಲ್ಲ. ಬಾಣಂತನಕ್ಕೆ, ಬೇಸಿಗೆ ರಜಕ್ಕೆ ತವರಿಗೆ ಬಂದಾಗ ಮಾತ್ರ ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇದನ್ನು ನಿಮ್ಮ ಅಮ್ಮನಿಗೂ ಹೇಳಿ.

ಆ ಮೂರನೇ ಕ್ಲಾಸಿನ ಹುಡುಗಿಗೂ ಇದೇ ಉತ್ತರ. ಉಜ್ಜದೆ ಬಂದ ಕಲೆಯಲ್ಲ, ಉಜ್ಜಿದರೆ ಹೋಗುವ ಕಲೆಯೂ ಅಲ್ಲ. ಇದ್ದಿಲು, ಉಪ್ಪು, ನಿಂಬೆಹಣ್ಣು ಹಾಕಿ ತಿಕ್ಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಇರುವ ಎನಾಮಲ್ಲೂ ಸವೆದು ಹೋಗುತ್ತದೆ.

ಈಗ ವೆನೀರ್. ಗೋಡೆಗೆ ಟೈಲ್ಸ್ ಅಂಟಿಸುವುದನ್ನು ನೋಡಿದ್ದೀರಲ್ಲ? ಅಂಟು ಹಿಡಿಯಲಿ ಅಂತ ಮೊದಲು ಗೋಡೆಯನ್ನು ಕೆತ್ತುತ್ತಾರೆ. ಇಲ್ಲೂ ಸಾಮಾನ್ಯವಾಗಿ ಹಲ್ಲಿನ ಮುಂಭಾಗವನ್ನು ಸುಮಾರು ಅರ್ಧ ಮಿಲಿಮೀಟರ್ ಕೆರೆದು, ಅದರ ಮೇಲೆ ಪಿಂಗಾಣಿಯ ತೆಳು ಬಿಲ್ಲೆ ಕೂರಿಸುತ್ತಾರೆ. ಕೆರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆ ಹಲ್ಲಿಗೆ ಇನ್ನು ಜೀವನಪೂರ್ತಿ ಏನಾದರೊಂದು ಹೊದಿಕೆ ಬೇಕೇ ಬೇಕು. ಚೆನ್ನಾಗಿ ನೋಡಿಕೊಂಡರೆ ಪಿಂಗಾಣಿ 10ರಿಂದ 15 ವರ್ಷ ಬಾಳುತ್ತದೆ. ಲೆಕ್ಕದ ಟೀಚರ್ ನೀವು, ಹಾಕಿ ನೋಡಿ. ನಿಮಗೆ 40 ಆಗುವ ಹೊತ್ತಿಗೆ ಒಮ್ಮೆ, 55ರ ಹೊತ್ತಿಗೆ ಇನ್ನೊಮ್ಮೆ. ಆಗ ಅಪ್ಪನ ಕೊಬ್ಬರಿ ಇರಲ್ಲ, ನಿಮ್ಮ ಸಂಬಳದಿಂದಲೇ ಆಗಬೇಕು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರಂತೂ ಇನ್ನೂ ಬೇಗ ಒಡೆಯಬಹುದು.

ಹಾಗಂತ ವೆನೀರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಲ್ಲಿನಲ್ಲಿ ಗುಳಿ ಬಿದ್ದಿದ್ದರೆ, ಅಂಚು ಪುಡಿಯಾಗುತ್ತಿದ್ದರೆ ಅದೇ ಒಳ್ಳೆಯ ದಾರಿ ಇರಬಹುದು. ಬರೀ ಬಣ್ಣದ ತೊಂದರೆಯಾದರೆ ಅದಕ್ಕಿಂತ ಮುಂಚೆ ಮೂರು ಮೆಟ್ಟಿಲಿವೆ, ಕ್ಲಿನಿಕ್ಕಿನವರು ನಿಮ್ಮನ್ನು ಸೀದಾ ಅಟ್ಟಕ್ಕೇ ಹತ್ತಿಸುತ್ತಿದ್ದಾರೆ. ಒಂದು, ಮೈಕ್ರೋ ಅಬ್ರೇಷನ್: ಆಸಿಡ್ ಬೆರೆಸಿದ ಪೇಸ್ಟಿನಲ್ಲಿ ತಿಕ್ಕಿ ಕಲೆ ಇರುವ ತೀರಾ ಮೇಲಿನ ಪದರವನ್ನಷ್ಟೇ ತೆಗೆಯುತ್ತಾರೆ. ಎರಡು, ಅದರ ಜೊತೆಗೋ ಆಮೇಲೋ ಬ್ಲೀಚಿಂಗ್. ಇಷ್ಟರಲ್ಲೇ ಎಷ್ಟೋ ಜನರ ಕಲೆ ಕಣ್ಣಿಗೆ ಹೊಡೆಯದಷ್ಟು ತಿಳಿಯಾಗುತ್ತದೆ. ಮೂರು, ಆಮೇಲೂ ಎದ್ದು ಕಾಣುವ ಒಂದೆರಡು ಹಲ್ಲಿಗೆ ಮಾತ್ರ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ರಾಳವನ್ನು ಅಲ್ಲೇ ಕೂತು ಮೆತ್ತುವುದು. ಬ್ಲೀಚಿಂಗ್ ಆದ ಮೇಲೆ ಎರಡು ವಾರ ಬಿಟ್ಟು ಇದನ್ನು ಮಾಡಬೇಕು, ಇಲ್ಲದಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಎಲ್ಲ ಸೇರಿದರೂ ನಿಮ್ಮ ನಾಲ್ಕು ತಿಂಗಳಲ್ಲಿ ಧಾರಾಳವಾಗಿ ಮುಗಿಯುತ್ತದೆ.

ಕಾಂಪೋಸಿಟ್ ಬಗ್ಗೆ ನನ್ನದೇ ಒಂದು ಅನುಭವ. ಹಿಂದೊಮ್ಮೆ ಸಂಕ್ರಾಂತಿಯಲ್ಲಿ ಗಟ್ಟಿ ಸಕ್ಕರೆ ಅಚ್ಚು ಕಚ್ಚಿ ಬಾಚಿಹಲ್ಲಿನ ಮೂಲೆ ಮುರಿದುಕೊಂಡೆ. ಮುಕ್ಕಾಲು ಗಂಟೆಯಲ್ಲಿ ಮೆತ್ತಿ ಕಳಿಸಿದರು, ನನ್ನ ಹಲ್ಲು ಯಾವುದು, ಮೆತ್ತಿದ್ದು ಯಾವುದು ಗೊತ್ತೇ ಆಗುತ್ತಿರಲಿಲ್ಲ. ಈಗ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವಳ ಬಾಯಲ್ಲಿ ಅದು ಹಳದಿಯಾಗದೆ ಇನ್ನೇನು? ನೀವು ಹೋಗುತ್ತಿರುವುದು ಕಾಫಿ ಸೀಮೆಗೆ, ಬೇಡ ಅಂದರೂ ಕೈಗೆ ಲೋಟ ಕೊಡುತ್ತಾರೆ. ಪಿಂಗಾಣಿಗೆ ಕಾಫಿ ಕಲೆ ಅಷ್ಟಾಗಿ ಹಿಡಿಯಲ್ಲ, ಅದು ನಿಜ. ಆದರೆ ಕಾಂಪೋಸಿಟ್ ಅನ್ನು ಪಾಲಿಶ್ ಮಾಡಿಸಬಹುದು, ಸ್ವಲ್ಪ ಕಿತ್ತುಬಂದರೆ ಅಷ್ಟಕ್ಕೇ ತೇಪೆ ಹಾಕಿಸಬಹುದು.

ನೀವಿರುವ ಹಾಸನದಲ್ಲೇ ಡೆಂಟಲ್ ಕಾಲೇಜು ಇದೆ. ಒಂದು ದಿನ ರಜೆ ಹಾಕಿ ಅಲ್ಲಿಗೆ ಹೋಗಿ. ಬೆಂಗಳೂರಿನವರು ಹೇಳಿದ್ದನ್ನು ಮೊದಲೇ ಹೇಳಬೇಡಿ, ಅವರೇ ನೋಡಿ ಹೇಳಲಿ. ಕೇಳಬೇಕಾದ್ದು ಇಷ್ಟು: ಕೆರೆಯದೆ ಎಷ್ಟು ಸರಿಹೋಗುತ್ತದೆ? ಕೆರೆಯಲೇಬೇಕಾದರೆ ಎಷ್ಟು ಹಲ್ಲು? ಹತ್ತೇ ಯಾಕೆ, ನಾಲ್ಕು ಯಾಕಾಗಲ್ಲ? ಇದಕ್ಕೆ ಸಮಾಧಾನವಾಗಿ ಉತ್ತರ ಹೇಳದವರ ಕುರ್ಚಿಯಲ್ಲಿ ಕೂರಬೇಡಿ.

ಓರಗಿತ್ತಿಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. ಅವರೂ ಆ ಮನೆಗೆ ಹೊರಗಿನಿಂದ ಬಂದವರೇ ಅಲ್ವಾ, ಮುಂದೆ ನಿಮ್ಮ ಮದುವೆ ಆಲ್ಬಮ್ ನೋಡುತ್ತಾ ಇಬ್ಬರೂ ಸೇರಿ ನಗುವ ದಿನವೂ ಬರಬಹುದು.

ಹುಡುಗ ಏನೂ ಹೇಳಿಲ್ಲ ಅಂತ ಬರೆದಿದ್ದೀರಿ. ಅವರು ಹೇಳಿಲ್ಲ ಸರಿ, ನೀವು ಹೇಳಿದ್ದೀರಾ? ದಿನಾ ರಾತ್ರಿ ಫೋನಿನಲ್ಲಿ ಛತ್ರ, ಊಟ, ಬಟ್ಟೆ ಎಲ್ಲ ಮಾತಾಡುತ್ತಿರಬಹುದು, ಇದೊಂದನ್ನು ಬಿಟ್ಟು. ಇವತ್ತು ನೀವೇ ತೆಗೆಯಿರಿ. "ಹಲ್ಲು ಚೆನ್ನಾಗಿಲ್ವಾ?" ಅಂತ ಕೇಳಬೇಡಿ, ಪಾಪ, ಅದಕ್ಕೆ ಯಾರು ತಾನೇ ಏನು ಹೇಳಿಯಾರು? "ನಮ್ಮೂರಿನ ನೀರಿನಿಂದ ಹೀಗಾಗಿದೆ, ನನಗೆ ನಗೋಕೆ ಸಂಕೋಚ" ಅಂತ ಇದ್ದದ್ದನ್ನು ಹೇಳಿ. ಹಾಗೇ ಅವರ ಅಮ್ಮನ ಪ್ರಶ್ನೆಗೆ ಉತ್ತರ ಮುಟ್ಟಿಸುವ ಕೆಲಸವನ್ನೂ ಅವರಿಗೇ ವಹಿಸಿ. ಮಗ ಹೇಳಿದರೆ ಅತ್ತೆ ಬೇಗ ಒಪ್ಪುತ್ತಾರೆ.

ಇಷ್ಟೆಲ್ಲ ಮಾಡಿ, ಮದುವೆಯಾಗಿ ಒಂದು ವರ್ಷ ಕಳೆದ ಮೇಲೂ ಕನ್ನಡಿ ಮುಂದೆ ನಿಂತಾಗ ಪಿಂಗಾಣಿಯೇ ಬೇಕು ಅನ್ನಿಸಿದರೆ ಮಾಡಿಸಿಕೊಳ್ಳಿ, ಯಾರ ಅಪ್ಪಣೆಯೂ ಬೇಡ. ಬೆಂಗಳೂರಿಗೆ ಮಾತ್ರ ಅಡ್ವಾನ್ಸ್ ಕಟ್ಟಬೇಡಿ. ಅಪ್ಪನಿಗೆ ಹೇಳಿ, ಕೊಬ್ಬರಿ ಸದ್ಯಕ್ಕೆ ಅಟ್ಟದ ಮೇಲೇ ಇರಲಿ.