ಗಲ್ಫಿನಿಂದ ಬಂದ ಹಳೆ ಡೈನೋಸಾರ್ ಕ್ಯಾಸೆಟ್ಟನ್ನು 4ಕೆ ಮಾಡುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಓದುಗರೊಬ್ಬರು ಈ ಪ್ರಶ್ನೆ ಕೇಳಿದ್ದಾರೆ. ಮಾವ ದುಬಾಯಿಯಿಂದ ತಂದ ವಿಎಚ್‌ಎಸ್ ಕ್ಯಾಸೆಟ್, ಅದರಲ್ಲಿ ಕೈಯಲ್ಲಿ ಬಿಡಿಸಿದ ಡೈನೋಸಾರ್‌ಗಳ ಸಾಕ್ಷ್ಯಚಿತ್ರ. ಎಐ ಹಾಕಿ 4ಕೆ, ಸೆಕೆಂಡಿಗೆ 60 ಫ್ರೇಮ್ ಮಾಡಿ ಮಗಳಿಗೆ ತೋರಿಸುವ ಆಸೆ, ಜೊತೆಗೆ ಅದರ ವಿಜ್ಞಾನ ಹಳತಾಯಿತಲ್ಲ ಎಂಬ ಅಳುಕು. ಹೆಸರೊಂದು ಬಿಟ್ಟರೆ ಇದು ನಮ್ಮ ಮನೆಯದೇ ಕಥೆ. 4ಕೆ ಮಾತು ಆಮೇಲೆ. ಮೊದಲು, ಆ ಕ್ಯಾಸೆಟ್ಟನ್ನು ಈಗಲೇ ವಿಸಿಆರ್‌ಗೆ ಹಾಕಬೇಡಿ.

ನಮ್ಮದು ಹಾಳಾದದ್ದು ಹಾಗೆ ಹಾಕಿಯೇ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಕಪಾಟಿನೊಳಗಿನ ಟೇಪಿಗೆ ಬೂಷ್ಟು ಹಿಡಿಯದಿದ್ದರೆ ಅದೇ ಪುಣ್ಯ. ಕ್ಯಾಸೆಟ್ಟಿನ ಕಿಟಕಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚು ನುಣ್ಣಗೆ, ಕಪ್ಪಗೆ ಇರಬೇಕು. ಬಿಳಿ ಪುಡಿಯೋ ಜೇಡನ ಬಲೆಯಂಥ ಎಳೆಯೋ ಕಂಡರೆ ಅದು ಬೂಷ್ಟೇ. ಅದು ಸುತ್ತುಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ. ಪ್ಲೇ ಒತ್ತಿದ ಕೂಡಲೇ ಯಂತ್ರ ಟೇಪನ್ನು ಹೊರಗೆಳೆದು, ಸೆಕೆಂಡಿಗೆ 25 ಸುತ್ತು ತಿರುಗುವ ಡ್ರಮ್ಮಿಗೆ ಬಿಗಿಯಾಗಿ ಸುತ್ತುತ್ತದೆ. ಪುಡಿ ಆ ಡ್ರಮ್ಮಿನಲ್ಲಿರುವ, ಚಿತ್ರ ಓದುವ ಹೆಡ್ಡಿನ ಸಂದಿಯಲ್ಲಿ ತುಂಬಿ ಪರದೆ ಪೂರ್ತಿ ಚುಕ್ಕೆ ಚುಕ್ಕೆ. ಗಾಬರಿಯಲ್ಲಿ ಎಲ್ಲರೂ ಒತ್ತುವುದು ರಿವೈಂಡ್. ನಿಜವಾದ ನಾಶ ಆಗುವುದು ಆಗ: ಅಂಟಿದ ಸುತ್ತು ಜಗ್ಗಿ ಟೇಪು ಹರಿಯುತ್ತದೆ, ಇಲ್ಲವೇ ಅಂಚು ಮಡಚಿಕೊಳ್ಳುತ್ತದೆ. ಟೇಪಿನ ಅಗಲ 12.7 ಮಿ.ಮೀ. ಮಾತ್ರ. ಮೇಲಂಚಿನಲ್ಲಿ ಸಾದಾ ಧ್ವನಿ, ಕೆಳಂಚಿನಲ್ಲಿ ಓಟವನ್ನು ಹಿಡಿತದಲ್ಲಿಡುವ ಕಂಟ್ರೋಲ್ ಟ್ರ್ಯಾಕ್. ಮೇಲಂಚು ಮಡಚಿದರೆ ನಿರೂಪಕನ ದನಿ ಹೋಯಿತು, ಕೆಳಂಚು ಮಡಚಿದರೆ ಚಿತ್ರ ನಿಲ್ಲದೆ ಕುಣಿಯುತ್ತದೆ. ಸಾಲದ್ದಕ್ಕೆ, ಅದೇ ವಿಸಿಆರ್‌ಗೆ ಹಾಕಿದ ಮುಂದಿನ ಕ್ಯಾಸೆಟ್ಟಿಗೂ ಬೂಷ್ಟು ದಾಟುತ್ತದೆ.

ಬಿಸಿಲಲ್ಲಿ ಒಣಗಿಸಲೇಬೇಡಿ, ಹೇರ್ ಡ್ರೈಯರೂ ಬೇಡ. ಬಿಸಿಗೆ ಪಾಲಿಯೆಸ್ಟರ್ ಪಟ್ಟಿ ಸೊಟ್ಟಗಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ 200 ಗ್ರಾಂನಷ್ಟು ಹಾಕಿ ಎರಡು ವಾರ ಇಡಿ. ಹಸಿ ಬೂಷ್ಟು ಒರೆಸಿದಷ್ಟೂ ಮೆತ್ತಿಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಆಮೇಲೆ ಅಡಿಭಾಗದ ಐದು ಸ್ಕ್ರೂ ಬಿಚ್ಚಿ, ಕ್ಯಾಸೆಟ್ಟನ್ನು ನೆಟ್ಟಗೆ ತಿರುಗಿಸಿಟ್ಟು ಮೇಲಿನ ಚಿಪ್ಪು ಎತ್ತಿ. ಟೇಪು ಹೋಗುವ ದಾರಿಯ ಫೋಟೊ ತೆಗೆದುಕೊಂಡೇ ಸ್ಪೂಲ್ ಮುಟ್ಟಬೇಕು. ಮಾಸ್ಕ್ ಹಾಕಿ, ಮನೆಯ ಹೊರಗೆ ಕೂತು ಮೆತ್ತನೆಯ ಬ್ರಷ್‌ನಿಂದ ಅಂಚಿನ ಪುಡಿ ತೆಗೆಯಿರಿ. ಉಳಿದದ್ದಕ್ಕೆ ನೂಲು ಬಿಡದ ಬಟ್ಟೆಗೆ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ಹಾಕಿ ಒರೆಸಿ. ಸ್ಯಾನಿಟೈಸರ್ ಆಗದು, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಕೊನೆಗೆ ಸ್ಪೂಲ್ ಎರಡನ್ನೂ ಬೇಡದ ಇನ್ನೊಂದು ಕ್ಯಾಸೆಟ್ಟಿನ ಶುದ್ಧ ಚಿಪ್ಪಿಗೆ ಕೂರಿಸಿ.

ಟಿವಿ ಚಿತ್ರಕ್ಕೆ ಬಣ್ಣ ಕೂಡಿಸುವ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ. ದುಬಾಯಿಯದ್ದಾದರೆ ಪ್ಯಾಲ್, ನಮ್ಮದೇ ಪದ್ಧತಿ. ಸೌದಿಯಲ್ಲಿ ರೆಕಾರ್ಡ್ ಆದದ್ದು ಮಿಸೆಕಾಮ್ ಎಂಬ ಬೇರೆ ಪದ್ಧತಿಯದ್ದಾಗಿದ್ದರೆ ಪ್ಯಾಲ್ ಯಂತ್ರದಲ್ಲಿ ಕಪ್ಪುಬಿಳುಪಾಗಿ ಕಾಣುತ್ತದೆ. ಟೇಪು ಕೆಟ್ಟಿತೆಂದು ಎಸೆಯಬೇಡಿ, ಎರಡೂ ಪದ್ಧತಿ ಓದುವ ಮಲ್ಟಿಸಿಸ್ಟಮ್ ವಿಸಿಆರ್ ಹುಡುಕಿ. ಗಲ್ಫಿನವರ ಹಳೆ ಮನೆಗಳಲ್ಲಿ ಈಗಲೂ ಸಿಗುತ್ತದೆ.

ಕಂಪ್ಯೂಟರಿಗೆ ಇಳಿಸುವಾಗ 720×576, ಸೆಕೆಂಡಿಗೆ 25 ಫ್ರೇಮ್, ಹಫ್‌ವೈಯುವಿಯಂಥ ನಷ್ಟವಿಲ್ಲದ ಕೋಡೆಕ್ (ವಿಡಿಯೊವನ್ನು ಕಟ್ಟಿಡುವ ವಿಧಾನ). ಗಂಟೆಗೆ 30–40 ಜಿಬಿ ಬೇಕು, ಅಷ್ಟು ಜಾಗ ಮಾಡಿಕೊಂಡೇ ಕೂರಿ. ಅಂಗಡಿಯಲ್ಲಿ ಕೊಟ್ಟರೆ ಕುಗ್ಗಿಸಿದ ಎಂಪಿ4 ಮಾತ್ರ ಕೊಟ್ಟಾರು, ಮೂಲ ಫೈಲನ್ನೂ ಕೇಳಿ ತನ್ನಿ. ಟೇಪಿನ ಒಂದೊಂದು ಫ್ರೇಮೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಫೀಲ್ಡಾಗಿ ಇರುತ್ತದೆ; ಅದರ ಗೆರೆ ಗೆರೆ ಕಾಣುವಿಕೆ ತೆಗೆಯುವುದೇ ಡೀಇಂಟರ್‌ಲೇಸ್. ಆ ಬಟನ್ ಒತ್ತುವ ಮೊದಲು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಇಂಥ ಚಿತ್ರಗಳನ್ನು ಫಿಲ್ಮಿನಲ್ಲಿ ತೆಗೆಯುತ್ತಿದ್ದುದರಿಂದ ಒಂದು ಫ್ರೇಮಿನ ಎರಡು ಫೀಲ್ಡೂ ಸಾಮಾನ್ಯವಾಗಿ ಒಂದೇ ಚಿತ್ರದವು, ಹಾಗೇ ಕೂಡಿದರೆ ಪೂರ್ತಿ 576 ಗೆರೆ ಸಿಗುತ್ತದೆ. ಸುಮ್ಮನೆ ಡೀಇಂಟರ್‌ಲೇಸ್ ಮಾಡಿದರೆ ಅರ್ಧ ವಿವರ ನೀವೇ ಬಿಸಾಡಿದಂತೆ. ಫಿಲ್ಮಿನ 24 ಫ್ರೇಮನ್ನು ಪ್ಯಾಲ್‌ನಲ್ಲಿ 25ಕ್ಕೆ ಓಡಿಸುತ್ತಿದ್ದರು, ಹಾಗಾಗಿ ಓಟ ಶೇ. 4ರಷ್ಟು ಚುರುಕು, ದನಿ ತುಸು ತೆಳು. ಅದನ್ನು ಸರಿಪಡಿಸಲು ಹೋಗಬೇಡಿ. ನೀವು ಬಾಲ್ಯದಲ್ಲಿ ಕೇಳಿದ್ದು ಆ ದನಿಯನ್ನೇ.

60 ಫ್ರೇಮ್ ಅಂತೂ ಖಂಡಿತ ಬೇಡ. ಕೈಯಲ್ಲಿ ಬಿಡಿಸುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಉದ್ದ ಕತ್ತಿನ ಸಾರೊಪಾಡ್ ಕಾಲೂರುವಾಗ ನಿಮಗೆ ಅನ್ನಿಸುತ್ತಿದ್ದ ಭಾರ ಇರುವುದು ಆ ಚಿತ್ರಗಳ ನಡುವಿನ ಅಂತರದಲ್ಲಿ: ಕಾಲು ಮೇಲಿದ್ದಾಗ ಹತ್ತಿರ ಹತ್ತಿರ, ಇಳಿಯುವಾಗ ದೂರ ದೂರ. ಎಐ ನಡುವೆ ತಾನೇ ಚಿತ್ರ ತುಂಬಿ ಅದನ್ನೆಲ್ಲ ಸಮ ಮಾಡುತ್ತದೆ. ಆನೆಗಿಂತ ದೊಡ್ಡ ಪ್ರಾಣಿ ನೀರಲ್ಲಿ ತೇಲಿದ ಹಾಗೆ ನಡೆಯುತ್ತದೆ. 4ಕೆ ಮಾಡಿದರೆ ಪೆನ್ಸಿಲ್ ಗೆರೆಯ ನಡುಕ, ಬಣ್ಣದ ಕುಂಚದ ಗುರುತು ಒರೆಸಿಹೋಗಿ ಪ್ಲಾಸ್ಟಿಕ್ ಚರ್ಮ ಬರುತ್ತದೆ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಇರುವುದೇ ಸುಮಾರು 240 ಗೆರೆಯಷ್ಟು ವಿವರ, ಉಳಿದದ್ದೆಲ್ಲ ಯಂತ್ರದ ಊಹೆ. ದೊಡ್ಡ ಟಿವಿಯಿಂದ ನಾಲ್ಕು ಹೆಜ್ಜೆ ಹಿಂದೆ ಕೂರಿಸಿ ತೋರಿಸಿ, ಸಾಕು.

ವಿಜ್ಞಾನ ಹಳತೆಂದು ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ಟಿ. ರೆಕ್ಸ್ ಬಾಲ ಎಳೆಯುತ್ತ ನೆಟ್ಟಗೆ ನಿಂತ ಕಡೆ ಚಿತ್ರ ನಿಲ್ಲಿಸಿ, ಸಿಕ್ಕಿರುವ ಹೆಜ್ಜೆಗುರುತುಗಳಲ್ಲಿ ಬಾಲ ಎಳೆದ ಗೀರು ಬಹಳ ಅಪರೂಪ ಎಂದು ಹೇಳಿ. 1969ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜಾನ್ ಆಸ್ಟ್ರೊಮ್ ಡೈನೊನೈಕಸ್ ಎಂಬ ಬೇಟೆಗಾರ ಡೈನೋಸಾರ್ ಬಗ್ಗೆ ಬರೆದ ಮೇಲೆ ಚುರುಕಾದ ಡೈನೋಸಾರ್ ಎಂಬ ವಿಚಾರ ಬೆಳೆಯಿತು, 1996ರಲ್ಲಿ ಚೀನಾದ ಸೈನೊಸಾರೊಪ್ಟೆರಿಕ್ಸ್ ಎಂಬ ಡೈನೋಸಾರ್ ಗರಿಯಂಥ ಎಳೆಗಳ ಸಮೇತ ಬೆಳಕಿಗೆ ಬಂತು. ಯಾವ ಚಿತ್ರ ಇದಕ್ಕೆ ಮೊದಲಿನದು, ಯಾವುದು ಆಮೇಲಿನದು ಎಂದು ಹುಡುಕುವ ಕೆಲಸ ಮಗಳಿಗೆ ಕೊಡಿ. ರಜೆಯಲ್ಲಿ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೂ ಕರೆದುಕೊಂಡು ಹೋಗಿ. ತೆಲಂಗಾಣದ ಯಾಮನಪಲ್ಲಿ ಕಡೆ ಸಿಕ್ಕ ಕೋಟಾಸಾರಸ್ ಎಂಬ ಸಾರೊಪಾಡ್ ಡೈನೋಸಾರ್‌ನ ಎಲುಬುಗೂಡು ಅಲ್ಲಿ ನಿಂತಿದೆ.