ಡೆಫಿನಿಷನ್ ಬಾಯಿಪಾಠ ಆಗಿದೆ, ವಾಕ್ಯದಲ್ಲಿ ಗುರುತು ಸಿಗುತ್ತಿಲ್ಲ ಅಂದರೆ

ಕನ್ನಡ ಮೀಡಿಯಂನಲ್ಲಿ ಓದಿ ಎಸ್‌ಎಸ್‌ಸಿ ಸಿಎಚ್‌ಎಸ್‌ಎಲ್‌ಗೆ (ಪಿಯುಸಿ ಮುಗಿಸಿದವರಿಗೆ ಇರುವ ಕೇಂದ್ರ ಸರ್ಕಾರಿ ನೌಕರಿಯ ಪರೀಕ್ಷೆ) ತಯಾರಾಗುತ್ತಿದ್ದೀರಿ. ಪಾರ್ಟ್ಸ್ ಆಫ್ ಸ್ಪೀಚ್ (ಇಂಗ್ಲಿಷ್ ಪದಗಳ ಬಗೆಗಳು) ಎಂಟೂ ಬಾಯಿಗೆ ಬರುತ್ತವೆ, ಪ್ರಶ್ನೆ ಎದುರಿಗೆ ಬಂದರೆ ತಲೆ ಓಡಲ್ಲ ಅಂದಿದ್ದೀರಿ. ನಾನು ಸಂಜೆ ಹೊತ್ತು ಇದೇ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರ ಕಥೆ ಇದೇ.

ಯಾವ ಪದದ ಹಣೆಯಲ್ಲೂ ನೌನ್, ವರ್ಬ್ ಅಂತ ಬರೆದಿರುವುದಿಲ್ಲ. ಆ ವಾಕ್ಯದಲ್ಲಿ ಅದು ಏನು ಕೆಲಸ ಮಾಡುತ್ತಿದೆ ಅಂತ ನೋಡಬೇಕು. 'ಎ ಫಾಸ್ಟ್ ಟ್ರೈನ್' ಅಂದಾಗ 'ಫಾಸ್ಟ್' ರೈಲು ಎಂಥದ್ದು ಅಂತ ಹೇಳುತ್ತದೆ, ಅಡ್ಜೆಕ್ಟಿವ್. 'ದಿ ಟ್ರೈನ್ ರನ್ಸ್ ಫಾಸ್ಟ್' ಅಂದಾಗ ಹೇಗೆ ಓಡುತ್ತದೆ ಅಂತ ಹೇಳುತ್ತದೆ, ಅಡ್ವರ್ಬ್. 'ದೇ ಫಾಸ್ಟ್ ಆನ್ ಏಕಾದಶಿ' ಅಂದರೆ ಉಪವಾಸ ಮಾಡುತ್ತಾರೆ, ಅಲ್ಲಿ ಅದೇ ಪದ ವರ್ಬ್. ಹಾಗಾಗಿ ಮೊದಲು ವರ್ಬ್ ಹುಡುಕಿ. ಆಮೇಲೆ ಅದನ್ನು ಮಾಡಿದವರು ಯಾರು ಅಂತ ಕೇಳಿ. ಉಳಿದ ಪದಗಳು ಯಾವುದಕ್ಕೆ ಅಂಟಿಕೊಂಡಿವೆ ಅಂತ ನೋಡಿ.

ಟಿಯರ್ 1ರಲ್ಲಿ, ಅಂದರೆ ಪರೀಕ್ಷೆಯ ಮೊದಲ ಹಂತದಲ್ಲಿ, ಇಂಗ್ಲಿಷ್‌ಗೆ 25 ಪ್ರಶ್ನೆ, 50 ಅಂಕ. ಒಂದು ತಪ್ಪಿಗೆ ಅರ್ಧ ಅಂಕ ಕಟ್. 'ಇದು ಯಾವ ಪಾರ್ಟ್ ಆಫ್ ಸ್ಪೀಚ್' ಅಂತ ನೇರವಾಗಿ ಕೇಳುವುದು ಕಡಿಮೆ. ತಪ್ಪು ಹುಡುಕುವ ಪ್ರಶ್ನೆಯಲ್ಲಿ, ಬಿಟ್ಟ ಸ್ಥಳದಲ್ಲಿ ಅದನ್ನೇ ಅಡಗಿಸಿ ಇಟ್ಟಿರುತ್ತಾರೆ.

ಜಾಸ್ತಿ ಎಡವುವುದು ಅಡ್ಜೆಕ್ಟಿವ್, ಅಡ್ವರ್ಬ್ ನಡುವೆ. 'ಷಿ ಸಿಂಗ್ಸ್ ಬ್ಯೂಟಿಫುಲ್' ತಪ್ಪು, ಅಲ್ಲಿ 'ಬ್ಯೂಟಿಫುಲಿ' ಬೇಕು. ಆದರೆ 'ಷಿ ಲುಕ್ಸ್ ಬ್ಯೂಟಿಫುಲ್' ಸರಿ. ಲುಕ್, ಸೀಮ್, ಫೀಲ್, ಟೇಸ್ಟ್ ಬಂದಾಗ ಆ ಜಾಗಕ್ಕೆ 'ಈಸ್' ಹಾಕಿ ಓದಿ. ವಾಕ್ಯ ಕೂತುಕೊಂಡರೆ ಮುಂದೆ ಅಡ್ಜೆಕ್ಟಿವ್ ಹಾಕಿ. ಕೊನೆಯಲ್ಲಿ 'ಲಿ' ಇದೆ ಅಂತ ಸುಮ್ನೆ ಅಡ್ವರ್ಬ್ ಅನ್ನಬೇಡಿ. ಫ್ರೆಂಡ್ಲಿ, ಲವ್ಲಿ ಎರಡೂ ಅಡ್ಜೆಕ್ಟಿವ್. 'ಹೀ ವರ್ಕ್ಸ್ ಹಾರ್ಡ್' ಅಂದರೆ ಮೈಮುರಿದು ದುಡಿಯುತ್ತಾನೆ. 'ಹೀ ಹಾರ್ಡ್ಲಿ ವರ್ಕ್ಸ್' ಅಂದರೆ ಕೆಲಸ ಮಾಡುವುದೇ ಅಪರೂಪ! ಈ ಜೋಡಿ ಪರೀಕ್ಷೆಯವರಿಗೆ ಬಲು ಇಷ್ಟ ಅಂತ ನನ್ನ ಅನಿಸಿಕೆ.

ಪ್ರಿಪೊಸಿಷನ್‌ಗೆ ನಿಯಮ ಹುಡುಕಿ ಸುಸ್ತಾಗಬೇಡಿ. ವರ್ಬ್ ಜೊತೆ ಸೇರಿಸಿಯೇ ಕಲಿಯಿರಿ: ಡಿಪೆಂಡ್ ಆನ್, ಲಿಸನ್ ಟು. ನಮ್ಮಲ್ಲಿ 'ಅದರ ಬಗ್ಗೆ ಚರ್ಚಿಸು' ಅನ್ನುತ್ತೇವಲ್ವಾ, ಅದೇ ಗುಂಗಿನಲ್ಲಿ 'ಡಿಸ್ಕಸ್ ಅಬೌಟ್' ಬರೆಯುತ್ತೇವೆ. ಅಲ್ಲಿ 'ಅಬೌಟ್' ಬೇಡ.

ದಿನಕ್ಕೆ ಹಳೇ ಪ್ರಶ್ನೆಪತ್ರಿಕೆಯ ಹತ್ತು ವಾಕ್ಯ ಬಿಡಿಸಿ ನೋಡಿದರೆ ಸಾಕು. ಇಂಟರ್ಜೆಕ್ಷನ್‌ಗೆ ಮಾತ್ರ ಸಮಯ ಹಾಕಬೇಡಿ, 'ಓಹ್', 'ಅಲಾಸ್' ನೋಡಿದ ಕೂಡಲೇ ಗೊತ್ತಾಗುತ್ತವೆ.